ಮೂವತ್ತು ಸೆಕೆಂಡಿನ ರೀಸೆಟ್ಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಪೇಪರ್ ಹಾಕುವವನು ಕೂಡ ನಮ್ಮ ಮನೆಯ ಬೆಲ್ಲನ್ನು ಒಂದೇ ಸಲ ಒತ್ತಿ ಸುಮ್ಮನೆ ನಿಲ್ಲುತ್ತಾನೆ. ಈ ಬರಹದಲ್ಲೂ ಸಿಟ್ಟೇ ಹೆಚ್ಚು. ಯಾರ ಮೇಲೆ ಎಂದು ಕೊನೆಗೂ ಹೇಳಿಬಿಡಬೇಕು ಅನ್ನಿಸಿ ಕೂತಿದ್ದೇನೆ.

ರಾಮನಗರ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಹೆದ್ದಾರಿಯ ಎರಡೂ ಕಡೆ ಕಾರ್ಖಾನೆಗಳ ಕಾಂಪೌಂಡು ಏಳುತ್ತಿದ್ದವು, ಊರೂರಿಗೆ ಜಮೀನಿನ ನೋಟಿಸು ಬರುತ್ತಿತ್ತು. ನೋಟಿಸು ಬಂದವರೆಲ್ಲ ಓಡುತ್ತಿದ್ದದ್ದು ಪಹಣಿ, ಖಾತೆ, ಜಾತಿ-ಆದಾಯದ ಸರ್ಟಿಫಿಕೇಟು ಕೊಡುವ ಹೋಬಳಿ ಕಂಪ್ಯೂಟರ್ ಕೇಂದ್ರಗಳಿಗೆ. ಅವನ್ನು ನಡೆಸಲು ಒಂದು ಕಂಪನಿ ಗುತ್ತಿಗೆ ಹಿಡಿದಿತ್ತು. ಆ ಕಂಪನಿಗೆ ನಾನು ‘ಸಿಸ್ಟಂ ಮೇಡಮ್’. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಕಂಪ್ಯೂಟರು ಮುನಿಸಿಕೊಂಡರೂ ಬಸ್ಸು ಹತ್ತಬೇಕಾದವಳು ನಾನೊಬ್ಬಳೇ. ಬೆಳಿಗ್ಗೆ ಮಾಗಡಿ, ಮಧ್ಯಾಹ್ನ ಕನಕಪುರ. ಟಿಫನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೇ ತಿಂದದ್ದು ಎಷ್ಟು ಸಲವೋ.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಕೋಡಿಹಳ್ಳಿ ಕೇಂದ್ರ. ಅಲ್ಲಿ ಕೂರುತ್ತಿದ್ದವರು ನಲವತ್ತೈದು ದಾಟಿದ ಒಬ್ಬ ಮೇಷ್ಟ್ರು. ಮೊದಲು ಟೈಪ್‌ರೈಟಿಂಗ್ ಇನ್ಸ್ಟಿಟ್ಯೂಟ್ ನಡೆಸುತ್ತಿದ್ದರು, ಕಂಪ್ಯೂಟರ್ ಬಂದು ಅದು ಮುಚ್ಚಿಹೋಗಿತ್ತು. ನನಗೆ ಎಷ್ಟು ಸಿಟ್ಟೋ ಅವರಿಗೆ ಅಷ್ಟು ತಾಳ್ಮೆ. ಅವರದೊಂದು ಪದ್ಧತಿ ಇತ್ತು: ಅರ್ಜಿಯನ್ನೆಲ್ಲ ತಾವೇ ಟೈಪು ಮಾಡಿದರೂ ಕೊನೆಯ ಎಂಟರ್ ಕೀಲಿಯನ್ನು ಅರ್ಜಿದಾರರ ಬಲಗೈಯಲ್ಲೇ ಒತ್ತಿಸುತ್ತಿದ್ದರು. “ನಿಮ್ ಕೆಲ್ಸ, ನಿಮ್ ಕೈಯಾರೆ ಒತ್ತಿ” ಅನ್ನುತ್ತಿದ್ದರು. ಜನ ಚಪ್ಪಲಿ ಬಿಟ್ಟು, ಕೈ ಒರೆಸಿಕೊಂಡು ಒತ್ತುತ್ತಿದ್ದರು.

ಆ ಕೇಂದ್ರದ ಮೇಲಿದ್ದ ಇಂಟರ್ನೆಟ್ಟಿನ ಡಿಶ್ಶು ಸಿಡಿಲಿಗೆ ಸುಟ್ಟುಹೋಯಿತು. ಹೊಸದು ಕೊಡಿ ಎಂದರೆ ಕಂಪನಿ ಒಂದು ಡಾಟಾ ಕಾರ್ಡು ಕಳಿಸಿತು, ಹೆಬ್ಬೆರಳಷ್ಟು ಉದ್ದದ ಯುಎಸ್‌ಬಿ ಮೋಡೆಮ್. ಕೋಣೆಯೊಳಗೆ ಸಿಗ್ನಲ್ ಇಲ್ಲ. ನಾನೇ ಎರಡು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಒಂದಕ್ಕೊಂದು ಸೇರಿಸಿ, ಕಿಟಕಿಯಾಚೆ ಎಳೆದು, ಮಾಡಿನ ಮೇಲೆ ಬಿದಿರಿನ ಗಳ ನೆಟ್ಟು, ಅದರ ತುದಿಗೆ ಹಾಲಿನ ಕವರಿನಲ್ಲಿ ಸುತ್ತಿದ ಕಾರ್ಡನ್ನು ಕಟ್ಟಿಸಿದೆ. ಮೇಷ್ಟ್ರ ಹೆಂಡತಿ ಕೊಟ್ಟ ಹಿಟ್ಟಿನ ತಂತಿ ಜರಡಿಯನ್ನು ಡಿಶ್ಶಿನ ಹಾಗೆ ಅದರ ಹಿಂದೆ ಕಟ್ಟಿದ ಮೇಲೆ ಸಿಗ್ನಲ್ಲು ಎರಡು ಕಡ್ಡಿ ಏರಿತು. ನಾನು ಬೀಗಿದ್ದೇ ಬೀಗಿದ್ದು.

ಆದರೆ ಆ ಕಾರ್ಡು ಮಾಡಿದ ಪುಣ್ಯಾತ್ಮರ ಬುದ್ಧಿಗೆ ಏನು ಹೇಳಬೇಕೋ! ಚುಚ್ಚಿದ ತಕ್ಷಣ ಅದು ತಾನು ಮೋಡೆಮ್ ಎಂದು ಹೇಳಿಕೊಳ್ಳುವುದಿಲ್ಲ. ‘ನಾನೊಂದು ಸೀಡಿ’ ಅನ್ನುತ್ತದೆ. ಬೇರೆ ಸೀಡಿ ಕೊಡುವ ಖರ್ಚು ಉಳಿಸಲು ತಮ್ಮ ಸಾಫ್ಟ್‌ವೇರನ್ನು ಕಾರ್ಡಿನ ಹೊಟ್ಟೆಯೊಳಗೇ ತುಂಬಿರುತ್ತಾರೆ. ಕಂಪ್ಯೂಟರು ‘ಆಯ್ತಪ್ಪ, ಸೀಡಿ ಹೊರಗೆ ತೆಗಿ’ ಎಂದು ಆಜ್ಞೆ ಕೊಟ್ಟರೆ ಆಮೇಲೆ ವೇಷ ಕಳಚಿ ಮೋಡೆಮ್ ಆಗುತ್ತದೆ. ಲೈಸೆನ್ಸಿನ ದುಡ್ಡು ಉಳಿಸಲು ನಮ್ಮ ಕಂಪನಿ ಎಲ್ಲ ಕೇಂದ್ರಗಳಲ್ಲೂ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿತ್ತು. ಆ ಕಾರ್ಡಿನವರು ಕೊಟ್ಟ ಸಾಫ್ಟ್‌ವೇರು ಅದರಲ್ಲಿ ಓಡುತ್ತಿರಲಿಲ್ಲ. ಹಾಗಾಗಿ ಆ ‘ಹೊರಗೆ ತೆಗಿ’ಯನ್ನು ನಾನೇ ಒಂದು ಸಣ್ಣ ಪ್ರೋಗ್ರಾಮು ಬರೆದು ಹೇಳಿಸಬೇಕಾಯಿತು.

ಅಲ್ಲಿಗೆ ಮುಗಿಯಿತೇ? ಇಲ್ಲ. ದಿನಕ್ಕೆ ಹತ್ತು ಸಲ ಲಿಂಕು ಹೋಗುತ್ತಿತ್ತು. ಹೋದಾಗಲೆಲ್ಲ ಕಾರ್ಡು ಮೋಡೆಮ್ ಆಗಿದ್ದದ್ದನ್ನು ಮರೆತು ಮತ್ತೆ ಸೀಡಿಯಾಗಿ ಕೂತಿರುತ್ತಿತ್ತು. ಮೇಷ್ಟ್ರು ಫೋನು ಮಾಡಿ, “ಮೇಡಮ್, ಮತ್ತೆ ಸೀಡಿ ಅಂತೈತೆ” ಅನ್ನುವರು. ನನಗೆ ಮೈಯೆಲ್ಲ ಉರಿ.

ಇಂಥ ದಿನಗಳಲ್ಲೇ ಆಕೆ ಬಂದದ್ದು. ಕೋಡಿಹಳ್ಳಿಗೆ ಎರಡು ಮೈಲಿಯ ಊರಿನ ಹೆಂಗಸು, ಐವತ್ತರ ಹತ್ತಿರ, ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳ ಮೇಯಿಸುತ್ತಿದ್ದಳು. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಆಕೆಯ ಹೊಲ ಕಾರ್ಖಾನೆಗೆ ಗುರುತಾಗಿತ್ತು. ನೋಟಿಸು ಬಂದದ್ದು ಆಕೆಯ ಮಾವನ ಹೆಸರಿಗೆ.

“ನಾನ್ ಕಣ್ ಮುಂದೆ ನಿಂತಿವ್ನಿ ಕಣ್ ಮಗ, ಆದ್ರೆ ಕಾಗ್ದದಲ್ಲಿ ನಾನಿಲ್ವಂತೆ,” ಎಂದಳು. “ಸತ್ತು ಹನ್ನೆಲ್ಡ್ ವರ್ಸ ಆದ ನಮ್ ಮಾವ್ನೋರು ಇನ್ನೂ ಅವ್ರಂತೆ!”

ವಿಷಯ ಇಷ್ಟು. ಜಮೀನು ಇನ್ನೂ ಮಾವನ ಹೆಸರಲ್ಲಿತ್ತು. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಈಕೆಯ ಗಂಡ, ಇನ್ನೊಬ್ಬ ಮೈದುನ. ಗಂಡ ಸತ್ತಿದ್ದರಿಂದ ಕಾಗದದ ಲೆಕ್ಕಕ್ಕೆ ಉಳಿದವನು ಮೈದುನನೊಬ್ಬನೇ. ಈಕೆ ಆಕ್ಷೇಪಣೆ ಕೊಡಲು ಕನಕಪುರದ ಆಫೀಸಿಗೆ ಹೋದರೆ ಅಲ್ಲಿಯ ಸಾಹೇಬರು, “ನೀನು ಯಾರಮ್ಮ ಕೇಳೋಕೆ? ಪೌತಿ ಖಾತೆಗೆ ಅರ್ಜಿ ಹಾಕಿದೀನಿ ಅನ್ನೋ ಕಂಪ್ಯೂಟರ್ ರಸೀತಿ ತಗೊಂಡು ಬಾ, ಆಮೇಲೆ ನಿನ್ನ ಕಾಗದ ಮುಟ್ತೀನಿ” ಅಂದಿದ್ದರು. ಪೌತಿ ಖಾತೆ ಎಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅದಕ್ಕೆ ಕೈಬರಹದ ಅರ್ಜಿ ನಿಂತುಹೋಗಿತ್ತು. ಬೇರೆ ಹೋಬಳಿಯ ಕೇಂದ್ರದಲ್ಲಿ ತೆಗೆದುಕೊಳ್ಳುವಂತಿರಲಿಲ್ಲ. ಆ ಒಂದು ರಸೀತಿ ಕೋಡಿಹಳ್ಳಿಯ ಆ ಬಿದಿರಿನ ಗಳದ ಮೂಲಕವೇ ಬರಬೇಕು, ಗಡುವಿನೊಳಗೆ ಬರಬೇಕು. ಇಲ್ಲದಿದ್ದರೆ ಆ ಹೊಲಕ್ಕೂ ಆಕೆಗೂ ಸಂಬಂಧವೇ ಇಲ್ಲ ಎಂದು ಬರೆದುಬಿಡುತ್ತಿದ್ದರು.

ಮೊದಲ ಸಲ ಬಂದಾಗ ಮರಣದ ದಾಖಲೆ, ವಂಶವೃಕ್ಷ, ಹಳೆಯ ಪಹಣಿ, ಎಲ್ಲವನ್ನೂ ಮೇಷ್ಟ್ರು ಸ್ಕ್ಯಾನು ಮಾಡಿ ಕಳಿಸಲು ಕೂತರು. ಅರ್ಧ ಹೋಗಿತ್ತು. ಹನ್ನೊಂದು ಗಂಟೆ ಹೊಡೆಯಿತು, ಟ್ಯೂಬ್‌ಲೈಟು ಒಂದು ಸಲ ಮಂಕಾಗಿ ಮತ್ತೆ ಬೆಳಗಿತು, ಲಿಂಕು ಹೋಯಿತು. ನಾಲ್ಕು ದಿನ ಬಿಟ್ಟು ಎರಡನೇ ಸಲ ಬಂದಳು. ಮತ್ತೆ ಹನ್ನೊಂದು ಗಂಟೆಗೇ ಹೋಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಬೆಂಗಳೂರಿನ ಸರ್ವರು ಚೆನ್ನಾಗಿಯೇ ಇತ್ತು, ನಮ್ಮ ಹೆಬ್ಬೆರಳುದ್ದದ ಕಾರ್ಡು ಕೊಡುತ್ತಿರಲಿಲ್ಲ.

ಎರಡನೇ ಸಲ ನಾನೂ ಅಲ್ಲೇ ಇದ್ದೆ. ಗಡಿಯಾರ ನೋಡಿ ನನಗೆ ಹೊಳೆಯಿತು. ಹನ್ನೊಂದಕ್ಕೆ ಆ ಲೈನಿಗೆ ತ್ರೀ ಫೇಸು ಕೊಡುತ್ತಿದ್ದರು. ಸುತ್ತಲಿನ ಹೊಲಗಳ ಮೋಟರಿಗೆಲ್ಲ ಆಟೋ ಸ್ಟಾರ್ಟರು. ಕರೆಂಟು ಬಂದದ್ದೇ ತಡ, ಎಲ್ಲವೂ ಒಟ್ಟಿಗೆ ಎದ್ದು ಎಳೆಯುತ್ತಿದ್ದವು. ಮೂರು ಗಂಟೆಯವರೆಗೂ ಒಂದು ನಿಲ್ಲುವುದು, ಇನ್ನೊಂದು ಏಳುವುದು, ಒಂದೊಂದು ಏಟಿಗೂ ವೋಲ್ಟೇಜು ಕುಸಿಯುವುದು. ಸರ್ವರು ಅರ್ಜಿ ತೆಗೆದುಕೊಳ್ಳುತ್ತಿದ್ದದ್ದೂ ಹತ್ತೂವರೆಯಿಂದ ಮೂರರವರೆಗೆ ಮಾತ್ರ, ಟೈಪು ಮುಗಿಸಿ ಕಳಿಸಲು ಕೂರುವಷ್ಟರಲ್ಲೇ ಹನ್ನೊಂದು ಹತ್ತಿರವಾಗುತ್ತಿತ್ತು. ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಬೇರೆ ಕಳಿಸಿ ಎಂದು ನಾನು ಬರೆದ ಮೂರು ಪತ್ರಗಳಿಗೂ ಕಂಪನಿಯಿಂದ ‘ನೋಟೆಡ್’ ಎಂಬ ಒಂದೇ ಉತ್ತರ. ಕಂಪ್ಯೂಟರು ಹೇಗೋ ತಡೆದುಕೊಳ್ಳುತ್ತಿತ್ತು. ಅಷ್ಟುದ್ದದ ಕೇಬಲ್ಲಿನ ತುದಿಯಲ್ಲಿದ್ದ ಕಾರ್ಡು ತಡೆದುಕೊಳ್ಳುತ್ತಿರಲಿಲ್ಲ, ಕಣ್ಣುಮುಚ್ಚಿ ತೆರೆಯುವುದರೊಳಗೆ ಸತ್ತು ಹುಟ್ಟುತ್ತಿತ್ತು. ಹುಟ್ಟುವಾಗ ಸೀಡಿ!

ಲಿನಕ್ಸ್ ಬರೆಯುವ ಹೊರದೇಶದವರು ಕೂಡಿ ನಡೆಸುವ ಮೇಲಿಂಗ್ ಲಿಸ್ಟಿಗೆ ಹರಕು ಇಂಗ್ಲಿಷಿನಲ್ಲಿ ಎಲ್ಲ ಬರೆದೆ. ಒಬ್ಬ ಮಹಾಶಯ ಉತ್ತರ ಕೊಟ್ಟ: ಕಾರ್ಡನ್ನು ಕಿತ್ತು ಮತ್ತೆ ಚುಚ್ಚಿ ನೋಡಿ. ಅದು ಬಿದಿರಿನ ಗಳದ ತುದಿಯಲ್ಲಿದೆಯಪ್ಪಾ! ಸರಿಹೋಗಬೇಕಾದರೆ ದಿನಕ್ಕೆ ಹತ್ತು ಸಲ ಮೇಷ್ಟ್ರು ಮಾಡು ಹತ್ತಬೇಕು, ಅವರಿಗೆ ಮಂಡಿನೋವು. ಅವತ್ತು ಕೀಬೋರ್ಡಿನ ಮೇಲೆ ಗುದ್ದಿದ ಗುದ್ದಿಗೆ ಒಂದು ಕೀಲಿ ಎಗರಿಬಿತ್ತು.

ಆ ಸಿಟ್ಟಿನಲ್ಲೇ ಕರ್ನಲ್ಲಿಗೆ ಕೈಹಾಕಿದೆ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಯಾವ ತೂತಿಗೆ ಏನು ಚುಚ್ಚಿದೆ, ಅದರ ಜತೆ ಹೇಗೆ ಮಾತಾಡಬೇಕು ಎಂದು ನೋಡಿಕೊಳ್ಳುವುದು ಅದೇ. ಯಾವುದಾದರೂ ಯುಎಸ್‌ಬಿ ಸಾಮಾನು ಮಂಕಾದರೆ ಕರ್ನಲ್ ಅದನ್ನು ರೀಸೆಟ್ ಮಾಡುತ್ತದೆ, ಮಾಡಿದ ಮೇಲೆ ‘ನೀನು ಯಾರು’ ಎಂದು ಮತ್ತೊಮ್ಮೆ ಕೇಳುತ್ತದೆ. ಪೆನ್ ಡ್ರೈವಾದರೆ ಮೊದಲು ಹೇಳಿದ್ದನ್ನೇ ಹೇಳಿ ಕೆಲಸ ಮುಂದುವರಿಸುತ್ತದೆ. ನಮ್ಮ ಕಾರ್ಡು ಮಾತು ಬದಲಿಸುತ್ತಿತ್ತು. ಮೊದಲು ಹೇಳಿದ್ದಕ್ಕೂ ಈಗ ಹೇಳುತ್ತಿರುವುದಕ್ಕೂ ತಾಳೆಯಾಗದ್ದನ್ನು ಕಂಡು ಕರ್ನಲ್ಲು, ಹಳೆಯದು ಹೋಯಿತು, ಇದ್ಯಾವುದೋ ಹೊಸದು ಬಂತು ಎಂದು ತೀರ್ಮಾನಿಸುತ್ತಿತ್ತು. ಹಳೆಯ ಮೋಡೆಮ್ಮಿನ ಜತೆ ನಡೆಯುತ್ತಿದ್ದ ಮಾತುಕತೆಯೆಲ್ಲ ಅಲ್ಲಿಗೆ ಖಲಾಸ್. ಅದರ ತಪ್ಪೇನೂ ಇಲ್ಲ, ವೇಷ ಹಾಕುವವನನ್ನು ನಂಬುವುದು ಹೇಗೆ?

ವಿಚಿತ್ರ ಸ್ವಭಾವದ ಸಾಮಾನುಗಳಿಗೆಂದು ಕರ್ನಲ್ಲಿನಲ್ಲಿ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ನಮ್ಮ ಕಾರ್ಡಿನ ಗುರುತು ಸೇರಿಸಿ, ಇದು ಸೀಡಿ ಎಂದು ಹೇಳಿಕೊಂಡು ಬಂದರೆ ಬಾಗಿಲಲ್ಲೇ ‘ಹೊರಗೆ ತೆಗಿ’ ಎಂದು ಹೇಳು ಎಂದು ಬರೆದೆ. ಹತ್ತು ಹದಿನೈದು ಸಲ ಕಂಪೈಲ್ ಮಾಡಿ, ಒಂದು ಸಲ ಇಡೀ ಮಷೀನನ್ನೇ ಮಲಗಿಸಿ, ಕೊನೆಗೆ ಗೆದ್ದೆ. ಈಗ ವೋಲ್ಟೇಜು ಕುಸಿದರೂ ಇಪ್ಪತ್ತು ಸೆಕೆಂಡಿನಲ್ಲಿ ಕಾರ್ಡು ತಾನಾಗಿ ಮೋಡೆಮ್ ಆಗಿ, ಲಿಂಕು ತಾನಾಗಿ ಬರುತ್ತಿತ್ತು. ಒಂದೆರಡು ನಿಮಿಷದಲ್ಲಿ ಮುಗಿಯುವ ಪಹಣಿಗೆ ಅಷ್ಟು ಸಾಕು. ಅರ್ಧ ಗಂಟೆ ಕಳಿಸಬೇಕಾದ ಪೌತಿ ಖಾತೆಯ ಅರ್ಜಿಗೆ ಸಾಲದು. ನಡುವೆ ತುಂಡಾದರೆ ಅದನ್ನು ಮೊದಲಿಂದ ಕಳಿಸಬೇಕಿತ್ತು.

ಗೆದ್ದವಳು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ನನ್ನ ಸಿಟ್ಟು ಸುಮ್ಮನಿರಬೇಕಲ್ಲ. ಕೆಲವು ಸಲ ಲಿಂಕು ಇದ್ದಂತೆಯೇ ಕಾಣುತ್ತಿತ್ತು, ಆದರೆ ಉತ್ತರ ಬರುತ್ತಿರಲಿಲ್ಲ. ಅದಕ್ಕೆಂದು ಇನ್ನೊಂದು ಪ್ರೋಗ್ರಾಮು ಬರೆದೆ: ಸರ್ವರಿಗೆ ಆಗಾಗ ‘ಇದ್ದೀಯಾ’ ಎಂದು ಕೂಗು, ಮೂವತ್ತು ಸೆಕೆಂಡು ಉತ್ತರ ಬರದಿದ್ದರೆ ಕರ್ನಲ್ಲಿಗೆ ಹೇಳಿ ಕಾರ್ಡನ್ನು ರೀಸೆಟ್ ಮಾಡು. ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡಿ, “ಮೂವತ್ತೇ ಸೆಕೆಂಡಾ? ಇದೂ ನಿಮ್ಮಂಗೇ ಆಯ್ತು ಬುಡಿ” ಎಂದು ನಕ್ಕರು. ನಾನೂ ನಕ್ಕೆ.

ಗಡುವಿಗೆ ಕೊನೆಯ ದಿನವೊಂದೇ ಉಳಿದಿತ್ತು. ಅಷ್ಟರವರೆಗೆ ನಾನು ಕೋಡಿಹಳ್ಳಿಗೆ ಬಂದರೆ ಕೇಂದ್ರ ಬಿಟ್ಟು ಆಚೆ ಹೋದವಳಲ್ಲ. ಹಿಂದಿನ ದಿನ ಮೇಷ್ಟ್ರ ಮೊಪೆಡ್ಡಿನ ಹಿಂದೆ ಕೂತು ಹೊಲಹೊಲಕ್ಕೆ ಹೋದೆ. ನಾಳೆ ಹನ್ನೊಂದರಿಂದ ಒಂದು ಗಂಟೆವರೆಗೆ ಯಾರೂ ಮೋಟರ್ ಹಾಕಬೇಡಿ ಎಂದು ಕೇಳಬೇಕಿತ್ತು. ಕೇಳುವುದು ನನಗೆ ಬರುತ್ತದೆಯೇ? ಮೊದಲನೆಯ ಹೊಲದಲ್ಲೇ ಕಿರುಚಾಡಿದೆ. ಅಲ್ಲಿದ್ದ ಮುದುಕರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು.

“ಅದ್ಯಾಕವ್ವ ಅಂಗ್ ಕೂಗಾಡೀಯೆ? ಎಲ್ಡ್ ಗಂಟೆ ತಾನೆ? ಹುಳ ನಾಕ್ನೇ ಜ್ವರಕ್ಕೆ ಕುಂತವೆ, ಪೊರೆ ಬುಡೋವರ್ಗೂ ಸೊಪ್ಪು ತಿನ್ನಾಕಿಲ್ಲ, ಒಂದಿನ ತಡ್ಕತವೆ. ಆ ಹೆಣ್ಮಗ್ಳಿಗೆ ಒಳ್ಳೇದಾಗ್ಲಿ, ಬುಡು.”

ಒಬ್ಬರ ಹಿಂದೆ ಒಬ್ಬರು ಒಪ್ಪಿದರು. ಬೇಸಿಗೆ, ಸೊಪ್ಪಿಗೆ ನೀರು ಬೇಕಾದ ದಿನಗಳು, ಇರುವುದೇ ನಾಲ್ಕು ಗಂಟೆ ಕರೆಂಟು. ಅದರಲ್ಲಿ ಅರ್ಧ ಬಿಟ್ಟುಕೊಟ್ಟರು. ಕೊನೆಗೆ ಉಳಿದದ್ದು ಆಕೆಯ ಮೈದುನ. ಆಕೆಗೆ ಖಾತೆಯಾದರೆ ಅವನ ಪಾಲು ಅರ್ಧವಾಗುತ್ತದೆ, ಅವನು ಒಪ್ಪುವುದಿಲ್ಲ ಎಂದು ದಾರಿಯುದ್ದಕ್ಕೂ ಎಲ್ಲರೂ ಹೇಳಿದ್ದರು. ಅವನು ನನ್ನ ಮಾತು ಪೂರ್ತಿ ಕೇಳಿಸಿಕೊಂಡ. ಒಳಗೆ ಹೋಗಿ ಸ್ಟಾರ್ಟರಿನ ಪೆಟ್ಟಿಗೆ ತೆರೆದು ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. “ನಾಳೆ ಒಂದ್ ಗಂಟೆಗ್ ಹಾಕ್ತೀನಿ. ಅತ್ತಿಗೆಗೆ ಹೇಳಿ,” ಎಂದ. ಅಷ್ಟೇ.

ಮಾರನೆಯ ದಿನ ಹತ್ತೂವರೆಗೇ ಅರ್ಧ ಊರು ಕೇಂದ್ರದ ಮುಂದಿತ್ತು. ಮೋಟರಿಲ್ಲ, ಮಾಡುವ ಕೆಲಸವೂ ಇಲ್ಲ. ಹನ್ನೊಂದು ಹೊಡೆಯಿತು. ಎಲ್ಲರೂ ಟ್ಯೂಬ್‌ಲೈಟನ್ನೇ ನೋಡಿದರು. ಅದು ಅಲುಗಲಿಲ್ಲ. “ಹೊಡಿ!” ಎಂದು ಯಾರೋ ಕೂಗಿದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಎಂಟರ್ ಒತ್ತಿದಳು. ಸ್ಕ್ರೀನಿನ ಮೇಲೆ ಪಟ್ಟಿ ತುಂಬುತ್ತಾ ಹೋಯಿತು. ಕಾಲು ಭಾಗ ತುಂಬಿ, ಅರ್ಧ ತುಂಬಿ, ಪಟ್ಟೆಂದು ನಿಂತಿತು. ಲಿಂಕು ಇಲ್ಲ. ಕಾರ್ಡು ಸೀಡಿಯಾಗಿ, ಮತ್ತೆ ಮೋಡೆಮ್ಮಾಗಿ, ಲಿಂಕು ಬಂತು. ಮೊದಲಿಂದ ಕಳಿಸಿದೆವು. ಮುಕ್ಕಾಲಿಗೆ ನಿಂತಿತು. ಮೂರನೇ ಸಲ ಇನ್ನೇನು ಮುಗಿಯಿತು ಅನ್ನುವಾಗ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದು ಗಂಟೆ ದಾಟಿತ್ತು. ಮೂರು ಗಂಟೆಯೊಳಗೆ ಕನಕಪುರದಲ್ಲಿ ಕಾಗದ ಕೊಡಬೇಕು, ಬಸ್ಸಿಗೆ ಕಾದು ಹೋಗಲು ಒಂದೂವರೆ ಗಂಟೆ ಬೇಕು. ಇನ್ನೊಮ್ಮೆ ಕಳಿಸುವಷ್ಟು ಹೊತ್ತಿರಲಿಲ್ಲ.

ಆಕೆ ಅಳಲಿಲ್ಲ. ಬೆಂಚಿನ ಮೇಲೆ ಕೂತು ಕಾಗದಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಒಂದೊಂದಾಗಿ ಹಾಕತೊಡಗಿದಳು.

ಹೊರಗೆ ಮಾತು ಶುರುವಾಯಿತು. “ಯಾರೋ ಮೋಟ್ರು ಹಾಕವ್ರೆ ಕಣ್ರಲಾ.” “ಇನ್ಯಾರ್ ಹಾಕ್ತರೆ? ಬರ್ತಾ ನೋಡ್ದೆ, ಅವ್ನ್ ಹೊಲದ್ ಸಾಲಲ್ಲಿ ತೇವ ಐತೆ.” “ನೆನ್ನೇನೇ ಅಂದೆ ನಾನು, ಅವ್ನ್ ಬುಡಲ್ಲ ಅಂತ.” ಮೈದುನ ಅಲ್ಲೇ ನಿಂತಿದ್ದ. “ಅದು ನೆನ್ನೆ ನೀರು ಕಣ್ಲಾ. ಫ್ಯೂಜ್ ನನ್ ಜೇಬಲ್ಲೈತೆ, ನೋಡು” ಎಂದು ತೆಗೆದು ತೋರಿಸಿದ. ಯಾರು ಕೇಳುತ್ತಾರೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. “ಫ್ಯೂಜ್ ಇಲ್ದಿದ್ರೆ ತಂತಿ ಸುತ್ತಿದ್ರಾಯ್ತು” ಎಂದು ಇನ್ನೊಬ್ಬ ನಕ್ಕ.

ನಾನು ಒಳಗೆ ಕೂತು ಕರ್ನಲ್ಲಿನ ಲಾಗು ತೆರೆದಿದ್ದೆ. ಏನೇನು ನಡೆಯಿತು ಎಂದು ಸೆಕೆಂಡಿನ ಲೆಕ್ಕದಲ್ಲಿ ಅದು ಬರೆದಿಟ್ಟಿರುತ್ತದೆ. ಮೋಟರ್ ಹಾಕಿದ ಕಳ್ಳನನ್ನು ಹಿಡಿದೇ ಬಿಡುತ್ತೇನೆ ಎಂದು ಹಲ್ಲು ಕಡಿಯುತ್ತಿದ್ದೆ. ವೋಲ್ಟೇಜು ಕುಸಿದಾಗ ಲಾಗಿನಲ್ಲಿ ಮೊದಲು ಬರುವ ಸಾಲು, ಸಾಧನ ಕಳಚಿತು ಎಂದು. ಅವತ್ತು ಮೂರು ಸಲವೂ ಮೊದಲು ಬಂದದ್ದು ರೀಸೆಟ್ ಎಂಬ ಸಾಲು. ಕಳಚಿತು ಎಂಬುದು ಅದರ ನಂತರ. ಕಾರ್ಡು ತಾನಾಗಿ ಸತ್ತಿರಲಿಲ್ಲ. ಯಾರೋ ಹೇಳಿ ರೀಸೆಟ್ ಮಾಡಿಸಿದ್ದರು.

ಯಾರೋ ಏನು, ನಾನೇ. ಅಷ್ಟು ದೊಡ್ಡ ಸ್ಕ್ಯಾನುಗಳು ಆ ಸಣ್ಣ ಲಿಂಕಿನಲ್ಲಿ ತುಂಬಿಕೊಂಡು ಹೋಗುತ್ತಿರುವಾಗ ನನ್ನ ‘ಇದ್ದೀಯಾ’ ಎಂಬ ಕೂಗಿಗೆ ಜಾಗವೇ ಇರಲಿಲ್ಲ. ಲಿಂಕು ಚೆನ್ನಾಗಿಯೇ ಇತ್ತು, ದುಡಿಯುತ್ತಿತ್ತು, ಉತ್ತರ ಕೊಡಲು ಪುರುಸೊತ್ತಿರಲಿಲ್ಲ ಅಷ್ಟೇ. ಮೂವತ್ತು ಸೆಕೆಂಡು ಕಾದು ನನ್ನ ಪ್ರೋಗ್ರಾಮು ಅದರ ಕುತ್ತಿಗೆ ಹಿಸುಕಿತ್ತು. ಮೂರು ಸಲ. ಊರಿಗೆ ಊರೇ ಮೋಟರ್ ನಿಲ್ಲಿಸಿ ಕೂತಿತ್ತು, ನಾನು ಬರೆದ ಒಂದು ಸಾಲು ನಿಂತಿರಲಿಲ್ಲ.

ಆಗ ಬಾಗಿಲಿಗೆ ಬಂದು ಒಬ್ಬರು ಕೇಳಿದರು. ಹಿಂದಿನ ದಿನ ‘ಬುಡು’ ಎಂದಿದ್ದ ಅದೇ ಮುದುಕರು. “ಮೇಡಮ್ನೋರ್ನೇ ಕೇಳ್ರಿ. ಏನವ್ವ, ಮೋಟ್ರು ಹಾಕವ್ರೋ ಇಲ್ವೋ? ಕಂಪ್ಯೂಟ್ರು ಏನಂತದೆ?”

ಮೈದುನ ನನ್ನ ಮುಖವನ್ನೇ ನೋಡುತ್ತಿದ್ದ. ಆಕೆಯೂ ನೋಡುತ್ತಿದ್ದಳು.

“ಕರೆಂಟು ಏರುಪೇರಾಗಿರಬೇಕು,” ಎಂದೆ.

ಥೂ ನನ್ನ ಬಾಯಿಗೆ! ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಹೆದರಿದ್ದೆ, ನಿಜ. ಕಂಪನಿಗೆ ಹೇಳದೆ ಸಿಸ್ಟಮ್ಮಿಗೆ ಕೈಹಾಕಿದ್ದೆ, ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೊಲಹೊಲಕ್ಕೆ ಹೋಗಿ ಕಿರುಚಾಡಿದವಳು ಅದೇ ಜನರ ಮುಂದೆ ‘ತಪ್ಪು ನನ್ನದೇ’ ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಅಷ್ಟು ಹೊತ್ತೂ ಎಲ್ಲರ ಮೇಲೂ ಹರಿಹಾಯುತ್ತಿದ್ದ ಬಾಯಿ ಅದು. ಮೈದುನ ಫ್ಯೂಸುಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೊರಟ. ಯಾರೋ ಅವನ ಹಿಂದೆ ಉಗಿದರು.

ಅವತ್ತೇ, ನಾಲ್ಕು ಗಂಟೆಯ ಬಸ್ಸು ಹತ್ತುವ ಮುಂಚೆ, ಪ್ರೋಗ್ರಾಮು ಸರಿಮಾಡಿದೆ. ಉತ್ತರ ಬರದಿದ್ದರೂ ಏನಾದರೂ ಸಾಗುತ್ತಿದ್ದರೆ ರೀಸೆಟ್ ಮಾಡಬೇಡ ಎಂದು ನಾಲ್ಕು ಸಾಲು ಸೇರಿಸಬೇಕಿತ್ತು, ಅಷ್ಟೇ. ಐದು ನಿಮಿಷದ ಕೆಲಸ. ಮರುವಾರ, ತ್ರೀ ಫೇಸು ಕೊಡದ ಒಂದು ದಿನ, ಅದೇ ಕೇಂದ್ರದಿಂದ ಬೇರೆ ಯಾರದೋ ಪೌತಿ ಖಾತೆಯ ಅರ್ಜಿ ಒಂದೇ ಏಟಿಗೆ ಹೋಯಿತು. ಕರ್ನಲ್ಲಿನ ಪಟ್ಟಿಗೆ ಕಾರ್ಡಿನ ಗುರುತು ಸೇರಿಸಿದ್ದೆನಲ್ಲ, ಅದನ್ನು ಮೇಲಿಂಗ್ ಲಿಸ್ಟಿಗೆ ಕಳಿಸಿದೆ. ಒಪ್ಪಿಕೊಂಡರು, ಒಂದು ಸಾಲಿನ ವಂದನೆಯೂ ಬಂತು. ನಾನು ಮನೆಯಲ್ಲಿ ಮೈಸೂರ್ ಪಾಕ್ ಹಂಚಿದೆ! ನೆನೆಸಿಕೊಂಡರೆ ಇವತ್ತಿಗೂ ಆ ಡಬ್ಬಿಯನ್ನು ಗೋಡೆಗೆ ಎಸೆಯಬೇಕು ಅನ್ನಿಸುತ್ತದೆ.

ಆಕ್ಷೇಪಣೆ ಇಲ್ಲದ ಜಮೀನು ಎಂದು ದಾಖಲಾಯಿತು. ಪರಿಹಾರವೆಲ್ಲ ಮೈದುನನ ಹೆಸರಿಗೆ ಬಂತು. ಅದರಲ್ಲಿ ಅರ್ಧವನ್ನು ಅವನು ಹಿರಿಯರನ್ನು ಕರೆದುಕೊಂಡು ಆಕೆಯ ಮನೆಗೇ ತಂದನಂತೆ. ಆಕೆ, “ಬೆನ್ನಿಗ್ ಚೂರಿ ಹಾಕ್ದವ್ನ ಕೈಯಿಂದ ನಂಗೊಂದ್ ಕಾಸೂ ಬ್ಯಾಡ” ಎಂದು ಬಾಗಿಲು ಹಾಕಿಕೊಂಡಳಂತೆ. ಮೇಷ್ಟ್ರು ಫೋನ್ ಮಾಡಿ ಹೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ಕೋಡಿಹಳ್ಳಿಯ ಕೆಲಸ ಬಂದಾಗಲೆಲ್ಲ ಏನಾದರೂ ನೆಪ ಹೇಳಿ ಫೋನಿನಲ್ಲೇ ಮುಗಿಸುತ್ತಿದ್ದೆ.

ಒಂದೂವರೆ ವರ್ಷ ಕಳೆದ ಮೇಲೆ ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ, ಬೆಳಿಗ್ಗೆ, ಯಾರೋ ನನ್ನ ತೋಳು ಹಿಡಿದರು. ಆಕೆಯೇ. ಕುತ್ತಿಗೆಯಲ್ಲಿ ಗಾರ್ಮೆಂಟ್ಸಿನ ಐಡಿ ಕಾರ್ಡು. ದಾರ ಕತ್ತರಿಸುವ ಕೆಲಸವಂತೆ, ದಿನವಿಡೀ ನಿಂತೇ ಇರಬೇಕಂತೆ. ಫ್ಯಾಕ್ಟರಿಯ ವ್ಯಾನಿಗೆ ಕಾಯುತ್ತಿದ್ದಳು. ನನ್ನನ್ನು ನೋಡಿ ಆಕೆಗೆ ಎಷ್ಟು ಸಂತೋಷ!

“ಎಷ್ಟ್ ಸೊರಗಿದ್ದೀಯೆ ಮಗ! ಊಟ ಮಾಡ್ತೀಯೋ ಇಲ್ವೋ? ಆವತ್ತು ನನ್ಗೋಸ್ಕರ ನೀನ್ ಎಷ್ಟ್ ಒದ್ದಾಡ್ದೆ, ನಾನ್ ಮರೀತೀನಾ? ಮನೆಯೋರೇ ಮನೆ ಮುರುದ್ರೆ ನೀನೇನ್ ಮಾಡೀಯೆ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ, ಜನ ಓಡಾಡುವ ನಡುವೆ, ಹೇಳಿಬಿಟ್ಟೆ. “ಅಕ್ಕಾ, ಅವತ್ತು ನಿಮ್ಮ ಮೈದುನ ಮೋಟರ್ ಹಾಕಿರಲಿಲ್ಲ. ಯಾರೂ ಹಾಕಿರಲಿಲ್ಲ. ನಾನು ಮಾಡಿಟ್ಟ ಒಂದು ತಪ್ಪಿನಿಂದ ಹಾಗಾಯಿತು. ಅವತ್ತೇ, ಅಲ್ಲಿ ಕೂತಿದ್ದಾಗಲೇ ನನಗೆ ಗೊತ್ತಾಗಿತ್ತು.”

ಆಕೆ ನನ್ನ ತೋಳು ಬಿಟ್ಟಳು. ವ್ಯಾನು ಬಂದು ಹಾರ್ನ್ ಮಾಡಿತು. ಜತೆಯ ಹೆಂಗಸರು ಕೂಗಿದರು. ಆಕೆ ಅತ್ತ ತಿರುಗಲೇ ಇಲ್ಲ.

“ಅವ್ನ್ ಮಗ್ಳ ಮದ್ವೆ ಆಯ್ತು, ಹೋದ್ ಯುಗಾದಿ ಆದ್ಮೇಲೆ,” ಎಂದಳು. “ಆ ಮಗೂನ ಎತ್ತಾಡ್ಸಿದ್ದು ನಾನು. ಮೂರ್ ದಿನ ಬಂದ್ ಬಂದ್ ಕರುದ್ಲು. ಧಾರೆಗೆ ಹೋಗ್ನಿಲ್ಲ ನಾನು.”

ವ್ಯಾನು ಹೊರಟುಹೋಯಿತು. ಆಕೆ ಐಡಿ ಕಾರ್ಡನ್ನು ಕುತ್ತಿಗೆಯಿಂದ ತೆಗೆದು ಚೀಲಕ್ಕೆ ಹಾಕಿದಳು.

“ನಡಿ. ನಂಗ್ ಹೇಳುದ್ರೆ ಏನ್ ಬಂತು? ಅವನ್ ಮುಂದೆ ಹೇಳು.”

ಕೋಡಿಹಳ್ಳಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋದೆವು. ನನ್ನ ಟಿಕೆಟ್ಟನ್ನೂ ಆಕೆಯೇ ತೆಗೆದಳು, ಬೇಡ ಅಂದರೆ ಕೇಳಲಿಲ್ಲ. ಆಕೆಯ ಹಳೆಯ ಹೊಲದ ಸುತ್ತ ಕಾಂಪೌಂಡು ಎದ್ದಿತ್ತು. ಇಳಿದು ಅದರ ಪಕ್ಕದಲ್ಲೇ ನಡೆದು ಹೋದೆವು.

ಮೈದುನ ಮನೆಯ ಮುಂದೆ ಸೊಪ್ಪು ಕತ್ತರಿಸುತ್ತ ಕೂತಿದ್ದ. ಗುತ್ತಿಗೆಗೆ ಹಿಡಿದ ಯಾರದೋ ತೋಟದ ಸೊಪ್ಪು. ಅತ್ತಿಗೆಯನ್ನು ಕಂಡು ಎದ್ದು ನಿಂತ, ಕೈಯಲ್ಲಿ ಕುಡುಗೋಲು ಹಾಗೇ ಇತ್ತು. ಆಕೆ ನನ್ನನ್ನು ಮುಂದಕ್ಕೆ ನೂಕಿದಳು. ನಾನು ಎಲ್ಲ ಹೇಳಿದೆ. ರೀಸೆಟ್ಟು, ಮೂವತ್ತು ಸೆಕೆಂಡು, ಲಾಗು, ಎಲ್ಲ. ಅವನಿಗೆ ಎಷ್ಟು ಅರ್ಥವಾಯಿತೋ ಕಾಣೆ. ಬೈಯಲಿ, ಹೊಡೆಯಲಿ ಎಂದು ಕಾದೆ.

ಅವನು ಕುಡುಗೋಲನ್ನು ಸೊಪ್ಪಿನ ಮೇಲಿಟ್ಟು, “ಒಳಿಕ್ ಬಾ ಅತ್ತಿಗೆ” ಎಂದು ಆಕೆಯನ್ನು ಕರೆದ. ಆಕೆ ಹೊಸ್ತಿಲು ದಾಟಿ ಹೋದ ಮೇಲೆ ನನ್ನ ಕಡೆ ತಿರುಗಿದ. ದನಿಯಲ್ಲಿ ಸಿಟ್ಟೇ ಇರಲಿಲ್ಲ.

“ನಾನ್ ಮೋಟ್ರು ಹಾಕಿಲ್ಲ ಅಂತ ಇಡೀ ಊರಲ್ಲಿ ನನ್ಗೊಬ್ಬನ್ಗೇ ಗೊತ್ತಿರೋದು ಅನ್ಕಂಡಿದ್ದೆ,” ಎಂದ. “ನಿಂಗೂ ಗೊತ್ತಿತ್ತು.”